ಉತ್ತರ ಮಧ್ಯಯುಗದ ಯೂರೋಪಿನ ಪದಾತಿಯೂ ಅದರ ಮುದ್ರಿತ ಕಿರುಪ್ರತಿಮೆಗಳೂ: ಒಂದು ಪ್ರಮಾಣವಿಚಾರ

೧

ಯೂರೋಪಿನ ಯುದ್ಧಕಲೆಯ ಚರಿತ್ರೆಯಲ್ಲಿ ಹದಿನಾಲ್ಕು ಮತ್ತು ಹದಿನೈದನೆಯ ಶತಮಾನಗಳು ಒಂದು ಸಂಧಿಕಾಲ. ಅದಕ್ಕೆ ಹಿಂದಿನ ಶತಮಾನಗಳಲ್ಲಿ ರಣರಂಗದ ಮುಖ್ಯ ವ್ಯಕ್ತಿಯೆನಿಸಿದ್ದವನು ಕವಚಧಾರಿಯಾದ ರಾವುತ. ಭೂಮಿಯ ಒಡೆತನ, ಕುಲೀನತೆ, ಕುದುರೆ, ಕವಚ ಈ ನಾಲ್ಕೂ ಬಹುಮಟ್ಟಿಗೆ ಒಂದೇ ವರ್ಗದ ಕೈಯಲ್ಲಿ ಸೇರಿದ್ದುವು. ಆ ವರ್ಗವನ್ನು ನೇಕಾರರೂ ದನಗಾಹಿಗಳೂ ಬೇಸಾಯಗಾರರೂ ನೆಲದ ಮೇಲೆ ನಿಂತು, ಉದ್ದನೆಯ ಕಾವಿನ ತುದಿಗೆ ಕಬ್ಬಿಣದ ಅಲಗನ್ನು ಕೂಡಿಸಿದ ಆಯುಧಗಳಿಂದ ಎದುರಿಸಿ ಸೋಲಿಸಿದರೆಂಬುದು ಆ ಕಾಲದ ದೊಡ್ಡ ಸಂಗತಿಗಳಲ್ಲೊಂದು. ಇಂಥ ಆಯುಧಗಳನ್ನು ಈ ಪ್ರಬಂಧದಲ್ಲಿ ಒಟ್ಟಾಗಿ ‘ಉದ್ದಕಾವಿನ ಆಯುಧ’ಗಳೆಂದು ಕರೆಯಲಾಗಿದೆ.

ಆ ಪದಾತಿಗಳು ಇಂದು ನಾವು ನಿರೀಕ್ಷಿಸದಿದ್ದ ಒಂದೆಡೆಯಲ್ಲಿ ಮತ್ತೆ ಕಾಣಿಸಿಕೊಂಡಿದ್ದಾರೆ. ಮೇಜಿನ ಮೇಲೆ ಆಡುವ ಯುದ್ಧಕ್ರೀಡೆಗಾಗಿ ಅವರನ್ನು ಅಂಗುಲಕ್ಕಿಂತ ಸ್ವಲ್ಪ ಎತ್ತರವಾದ ಪ್ರತಿಮೆಗಳಾಗಿ ರೂಪಿಸುತ್ತಾರೆ. ಗಣಕಯಂತ್ರದಲ್ಲಿ ರಚಿಸಿದ ಆಕೃತಿಯನ್ನು ಕೊಂಡವನು ತನ್ನ ಮನೆಯಲ್ಲಿರುವ ಮುದ್ರಣಯಂತ್ರದಿಂದ ಅದನ್ನು ಪದರಪದರವಾಗಿ ಬೇಕಾದಷ್ಟು ಸಲ ಮೂಡಿಸಿಕೊಳ್ಳಬಹುದು. ಇತಿಹಾಸದ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮಧ್ಯಯುಗದ ಯೋಧನನ್ನು ಗ್ರಂಥದಲ್ಲಿ ಕಾಣುವುದಕ್ಕೆ ಮುಂಚೆ ಇಂತಹ ವಸ್ತುಗಳಲ್ಲಿ ಕಾಣುವ ಕಾಲವಿದು. ಆದುದರಿಂದ ಇವನ್ನು ಮಕ್ಕಳಾಟವೆಂದು ತಳ್ಳಿಹಾಕುವುದು ಸರಿಯಲ್ಲ. ಕಂಡುದನ್ನು ಕಂಡಂತೆ ನಂಬುವುದೂ ಸರಿಯಲ್ಲ. ಶಾಸನ, ನಾಣ್ಯ, ವೃತ್ತಾಂತಗಳನ್ನು ಕೇಳುವ ಪ್ರಶ್ನೆಯನ್ನೇ ಇವನ್ನೂ ಕೇಳಬೇಕು: ಇದು ಯಾವ ವಿಷಯಕ್ಕೆ, ಎಷ್ಟರಮಟ್ಟಿಗೆ ಪ್ರಮಾಣ? ಪ್ರತಿಮೆ ಆಯುಧವನ್ನು ತೋರಿಸಬಲ್ಲುದು, ಆದರೆ ಆ ಆಯುಧಕ್ಕೆ ಬಲವನ್ನು ಕೊಟ್ಟ ಸಾಲನ್ನು ತಾನಾಗಿ ತೋರಿಸಲಾರದು ಎಂಬುದೇ ಇಲ್ಲಿನ ಪ್ರತಿಪಾದನೆ.

೨

ಮೊದಲು ಇತಿಹಾಸದ ಸಂಗತಿಗಳನ್ನು ಸಂಗ್ರಹವಾಗಿ ನೋಡೋಣ. ಕ್ರಿ.ಶ. ೧೩೦೨ನೆಯ ಜುಲೈ ೧೧ರಂದು ಫ್ಲಾಂಡರ್ಸ್ ನಾಡಿನ ಕೂರ್ತ್ರೇ ಪಟ್ಟಣದ ಹೊರಗೆ, ಬ್ರೂಗ್ಸ್ ಮೊದಲಾದ ಪಟ್ಟಣಗಳ ನೇಕಾರರು ಹಾಗೂ ಇತರ ಕಸಬುದಾರರು ಫ್ರಾನ್ಸಿನ ರಾವುತಸೈನ್ಯವನ್ನು ಮುರಿದರು. ಅದರ ಸೇನಾಪತಿಯಾದ ಆರ್ಟ್ವಾದ ರಾಬರ್ಟನು ಅಲ್ಲಿಯೇ ಮಡಿದನು. ನೆಲದ ಕಾಲುವೆಗಳೂ ತೊರೆಗಳೂ ಕುದುರೆಗಳ ವೇಗವನ್ನು ಕುಗ್ಗಿಸಿದ್ದುವು. ಕಸಬುದಾರರ ಕೈಯಲ್ಲಿ ಈಟಿಗಳೂ, ‘ಗೂಡೆನ್‌ಡಾಗ್’ ಎಂಬ ಆಯುಧವೂ ಇದ್ದುವು. ಇದು ದಪ್ಪನೆಯ ದೊಣ್ಣೆಯ ತುದಿಗೆ ಕಬ್ಬಿಣದ ಮೊನೆಯನ್ನು ನೆಟ್ಟ ಸರಳವಾದ ಆಯುಧ. ಗೆದ್ದವರು ಸತ್ತ ರಾವುತರ ಹಿಮ್ಮಡಿಗಳಿಂದ ಬಿಚ್ಚಿದ ಚಿನ್ನದ ಮುಳ್ಳುಗಳನ್ನು ಊರಿನ ಚರ್ಚಿನಲ್ಲಿ ತೂಗುಹಾಕಿದರು. ‘ಚಿನ್ನದ ಮುಳ್ಳುಗಳ ಯುದ್ಧ’ವೆಂಬ ಹೆಸರು ಬಂದುದು ಇದರಿಂದಲೇ.

ಹದಿಮೂರು ವರ್ಷಗಳ ಮೇಲೆ, ೧೩೧೫ನೆಯ ನವೆಂಬರ್ ೧೫ರಂದು, ಆಲ್ಪ್ಸ್ ಪರ್ವತದ ತಪ್ಪಲಿನ ಮೋರ್ಗಾರ್ಟನ್ ಎಂಬಲ್ಲಿ ಶ್ವೀಟ್ಸ್ ನಾಡಿನವರೂ ಅವರ ನೆರೆಯವರೂ ಆಸ್ಟ್ರಿಯಾದ ಡ್ಯೂಕ್ ಲಿಯೊಪೋಲ್ಡನ ಸೈನ್ಯವನ್ನು ಇಕ್ಕಟ್ಟಿನ ದಾರಿಯಲ್ಲಿ ಹೊಂಚಿ ಹಿಡಿದರು. ಈ ಯುದ್ಧವನ್ನು ಬರೆದಿಟ್ಟವರಲ್ಲಿ ವಿಂಟರ್‌ಟೂರಿನ ಯೋಹಾನನೆಂಬ ಕ್ರೈಸ್ತಸಂನ್ಯಾಸಿ ಮುಖ್ಯನು. ಸೋತ ಡ್ಯೂಕನು ಕಳೆಗುಂದಿದ ಮುಖದಿಂದ ಹಿಂದಿರುಗಿದುದನ್ನು ಅವನು ಬಾಲಕನಾಗಿದ್ದಾಗ ಕಣ್ಣಾರೆ ಕಂಡಿದ್ದನು. ಅವನ ತಂದೆ ಆ ಸೈನ್ಯದಲ್ಲಿಯೇ ಇದ್ದವನು. ಪರ್ವತವಾಸಿಗಳ ಭಯಂಕರವಾದ ಆಯುಧವನ್ನು ಅವನು ಅದರ ದೇಶೀಯ ಹೆಸರಿನಿಂದಲೇ ದಾಖಲಿಸಿದ್ದಾನೆ. ಅದೇ ಹಾಲ್ಬರ್ಡ್. ಸುಮಾರು ಎರಡು ಮೀಟರು ಉದ್ದದ ಕಾವು. ತುದಿಯಲ್ಲಿ ಒಂದು ಕಡೆ ಕೊಡಲಿಯ ಅಲಗು, ಮೇಲೆ ಮೊನೆ. ಕಾಲಕ್ರಮದಲ್ಲಿ ಹಿಂಬದಿಗೆ ಕೊಕ್ಕೆಯೂ ಬಂದು ಸೇರಿತು. ಕಡಿಯುವುದು, ಇರಿಯುವುದು, ರಾವುತನನ್ನು ಕುದುರೆಯಿಂದ ಸೆಳೆದು ಕೆಡಹುವುದು ಈ ಮೂರು ಕೆಲಸಗಳೂ ಒಂದೇ ಆಯುಧದಿಂದ ನಡೆಯುತ್ತಿದ್ದುವು.

ಸೆಂಪಾಖ್ ಯುದ್ಧದಲ್ಲಿ (೧೩೮೬) ಕುದುರೆಯಿಂದಿಳಿದು ಕಾದಿದ ಆಸ್ಟ್ರಿಯಾದ ಸರದಾರರು ಸೋತು, ಡ್ಯೂಕ್ ಮೂರನೆಯ ಲಿಯೊಪೋಲ್ಡನು ಹತನಾದನು. ಆದರೆ ೧೪೨೨ರಲ್ಲಿ ಆರ್ಬೇಡೋ ಎಂಬಲ್ಲಿ ಮಿಲಾನಿನ ಕವಚಧಾರಿಗಳು ಕೆಳಗಿಳಿದು ಎದುರಿಸಿದಾಗ ಹಾಲ್ಬರ್ಡ್ ಹಿಡಿದ ಸ್ವಿಸ್ ಪಡೆ ಬಹಳ ನಷ್ಟವನ್ನನುಭವಿಸಿತು. ಆ ಬಳಿಕ ಐದು ಮೀಟರಿಗೂ ಮಿಕ್ಕ ಉದ್ದದ ‘ಪೈಕ್’ ಎಂಬ ಭರ್ಜಿಯ ಪ್ರಮಾಣ ಸ್ವಿಸ್ ಪಡೆಗಳಲ್ಲಿ ಹೆಚ್ಚುತ್ತ ಬಂತು. ವ್ಯೂಹದ ಅಂಚುಗಳಲ್ಲಿ ಪೈಕುಗಳು, ನಡುವೆ ಧ್ವಜಗಳ ಸುತ್ತ ಹಾಲ್ಬರ್ಡುಗಳು ಎಂಬುದು ಹದಿನೈದನೆಯ ಶತಮಾನದ ಉತ್ತರಾರ್ಧದ ರೂಢಿ. ಬರ್ಗಂಡಿಯ ಡ್ಯೂಕನಾದ ಸಾಹಸಿ ಚಾರ್ಲ್ಸನ ಸೈನ್ಯವನ್ನು ೧೪೭೬ನೆಯ ಮಾರ್ಚ್ ೨ರಂದು ಗ್ರಾಂಸೋಂ, ಜೂನ್ ೨೨ರಂದು ಮುರ್ಟೆನ್, ೧೪೭೭ನೆಯ ಜನವರಿ ೫ರಂದು ನಾನ್ಸಿ ಈ ಮೂರು ಕಡೆಗಳಲ್ಲಿ ಮುರಿದುದು ಈ ಬಗೆಯ ವ್ಯೂಹ. ಫಿರಂಗಿ, ರಾವುತ, ಬಿಲ್ಲುಗಾರ ಎಲ್ಲವೂ ಇದ್ದ ಆ ಕಾಲದ ಅತ್ಯಂತ ಸುಸಜ್ಜಿತವಾದ ಸೈನ್ಯಗಳಲ್ಲೊಂದು ಒಂದು ವರ್ಷದೊಳಗಾಗಿ ನಾಶವಾಯಿತು.

ಈ ಸಂಗತಿಗಳಿಂದ ಆಯುಧವೇ ಗೆಲವಿಗೆ ಕಾರಣವೆಂದು ತೀರ್ಮಾನಿಸುವುದು ಸುಲಭ. ಆದರೆ ಆ ತೀರ್ಮಾನಕ್ಕೆ ಎರಡು ಬಾಧಕಗಳುಂಟು. ಕೂರ್ತ್ರೇಯಲ್ಲಿ ಗೆದ್ದ ಫ್ಲಾಂಡರ್ಸಿನ ಪಟ್ಟಣಿಗರೇ ೧೩೮೨ರಲ್ಲಿ ರೋಸ್‌ಬೆಕ್ ಎಂಬಲ್ಲಿ ಅದೇ ಬಗೆಯ ಆಯುಧಗಳನ್ನು ಹಿಡಿದು ಫ್ರೆಂಚರಿಗೆ ಸೋತರು. ಎರಡೂ ಪಕ್ಕಗಳಿಂದ ಒತ್ತಿ ಬಂದ ಶತ್ರುಗಳ ನಡುವೆ ಸಿಕ್ಕಿ ಅವರ ವ್ಯೂಹ ಕೈಯಾಡಿಸಲಾರದಷ್ಟು ಇರುಕಿಹೋಯಿತು. ನಾಯಕನಾದ ಫಿಲಿಪ್ ವಾನ್ ಆರ್ಟೆವೆಲ್ಡನು ಸತ್ತನು. ಕೂರ್ತ್ರೇಯ ಚರ್ಚಿನಲ್ಲಿದ್ದ ಚಿನ್ನದ ಮುಳ್ಳುಗಳನ್ನು ಫ್ರೆಂಚರು ಹಿಂದಕ್ಕೆ ಕೊಂಡೊಯ್ದರು. ಎರಡನೆಯದಾಗಿ, ೧೫೧೩ರಲ್ಲಿ ಫ್ಲಾಡನ್ ಎಂಬಲ್ಲಿ ಸ್ಕಾಟ್ಲೆಂಡಿನ ದೊರೆ ನಾಲ್ಕನೆಯ ಜೇಮ್ಸನ ಪಡೆಗಳು ಸ್ವಿಸ್ ಮಾದರಿಯ ಉದ್ದ ಪೈಕುಗಳನ್ನೇ ಹಿಡಿದಿದ್ದುವು. ಇಳಿಜಾರೂ ಕೆಸರೂ ಆಗಿದ್ದ ನೆಲದಲ್ಲಿ ಸಾಲು ಒಡೆದೊಡನೆ ಆ ಭರ್ಜಿಗಳು ಹೊರೆಯಾದುವು. ಇಂಗ್ಲಿಷ್ ಪದಾತಿಗಳ ಕೈಯಲ್ಲಿದ್ದ ‘ಬಿಲ್’ ಎಂಬ ಆಯುಧವು ಬೇಲಿ ಸವರುವ ಬಾಗುಗತ್ತಿಗೆ ಉದ್ದನೆಯ ಕಾವನ್ನು ಹಾಕಿದುದರಿಂದ ಹುಟ್ಟಿದುದು. ಆ ಗಿಡ್ಡ ಆಯುಧದ ಮುಂದೆ ಸ್ಕಾಟರು ನಿಲ್ಲಲಾರದೆ ಹೋದರು, ದೊರೆಯೂ ಮಡಿದನು.

ಆದುದರಿಂದ ಬಲವಿದ್ದುದು ಅಲಗಿನಲ್ಲಿ ಅಲ್ಲ, ಸಾಲಿನಲ್ಲಿ. ಸಾಲಿನ ಬಲ ಎಲ್ಲಿಂದ ಬಂತು? ಊರಿ, ಶ್ವೀಟ್ಸ್ ಮುಂತಾದ ಪರ್ವತನಾಡುಗಳಲ್ಲಿ ಆಯುಧ ಹಿಡಿಯುವ ಹಕ್ಕುಳ್ಳ ಗಂಡಸರೆಲ್ಲರೂ ಬಯಲಿನಲ್ಲಿ ನೆರೆದು ನಾಡಿನ ಕಾರ್ಯಗಳನ್ನು ನಿರ್ಣಯಿಸುವ ಪದ್ಧತಿ ಬೆಳೆದಿತ್ತು. ಸಭೆಯಲ್ಲಿ ಪಕ್ಕದಲ್ಲಿ ನಿಂತವನೇ ಯುದ್ಧದಲ್ಲಿಯೂ ಪಕ್ಕದಲ್ಲಿ ನಿಲ್ಲುತ್ತಿದ್ದನು. ಪಟ್ಟಣಗಳಲ್ಲಿ ಕಸಬುದಾರರ ಸಂಘಗಳು ಇದೇ ಕಾರ್ಯವನ್ನು ಮಾಡಿದುವು. ಓಡಿಹೋದವನು ತನ್ನನ್ನು ಬಲ್ಲವರ ಎದುರಿನಲ್ಲಿಯೇ ಓಡಿಹೋಗಬೇಕಾಗಿತ್ತು. ಧಾವಿಸಿ ಬರುವ ಕುದುರೆಯ ಮುಂದೆ ಮನುಷ್ಯನನ್ನು ನೆಲದಲ್ಲಿ ನಿಲ್ಲಿಸಿದುದು ಕಮ್ಮಾರನ ಕೆಲಸಕ್ಕಿಂತ ಹೆಚ್ಚಾಗಿ ಈ ನೆರೆಹೊರೆಯ ಕಟ್ಟು ಎಂದು ಹೇಳಬಹುದು.

೩

ಇನ್ನು ಪ್ರತಿಮೆಗಳ ವಿಷಯ. ಸೈನಿಕರ ಕಿರುರೂಪಗಳನ್ನು ಎರಕ ಹೊಯ್ಯುವುದು ಹೊಸ ಪದ್ಧತಿಯೇನೂ ಅಲ್ಲ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಹಿಲ್ಪರ್ಟ್ ಮನೆತನದವರು ಚಪ್ಪಟೆಯಾದ ತವರದ ಸೈನಿಕರನ್ನು ಮಾಡಿ ಮಾರಿ ಪ್ರಸಿದ್ಧರಾದರು. ಪ್ರಷ್ಯದಲ್ಲಿ ರೈಸ್‌ವಿಟ್ಸ್ ಎಂಬ ತಂದೆಮಕ್ಕಳು ೧೮೧೨ರಿಂದ ೧೮೨೪ರವರೆಗೆ ರೂಪಿಸಿದ ಯುದ್ಧಕ್ರೀಡೆಯು ಸೇನಾಧಿಕಾರಿಗಳ ಶಿಕ್ಷಣಕ್ಕೆ ಸಾಧನವಾಯಿತು. ಅದರಲ್ಲಿ ಬೊಂಬೆಗಳಿರಲಿಲ್ಲ, ನಕ್ಷೆಯ ಮೇಲೆ ಸರಿಸುವ ಅಚ್ಚುಕಟ್ಟಾದ ಬಿಲ್ಲೆಗಳಿದ್ದುವು ಎಂಬುದು ಗಮನಾರ್ಹ. ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ ೧೯೧೩ರಲ್ಲಿ ಪ್ರಕಟಿಸಿದ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕದಿಂದ ಬೊಂಬೆಯ ಯುದ್ಧಕ್ಕೆ ಜನಸಾಮಾನ್ಯರಲ್ಲಿ ಪ್ರಚಾರ ದೊರೆಯಿತು.

ಪ್ರತಿಮೆಯೂ ಒಂದು ಐತಿಹಾಸಿಕ ವಾದವೆಂಬುದಕ್ಕೆ ವಿಲಿಯಂ ಸೈಬಾರ್ನನ ಉದಾಹರಣೆ ಸಾಲದೆ? ವಾಟರ್ಲೂ ಯುದ್ಧದ ಪ್ರತಿಕೃತಿಯನ್ನು ೭೦,೦೦೦ಕ್ಕೂ ಹೆಚ್ಚು ಕಿರುಸೈನಿಕರಿಂದ ರಚಿಸಿ ಅವನು ೧೮೩೮ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದನು. ರಣರಂಗದಲ್ಲಿ ಪ್ರಷ್ಯನ್ ಸೈನ್ಯಕ್ಕೆ ಅವನು ಕೊಟ್ಟ ಸ್ಥಾನದಿಂದ ಗೆಲವಿನಲ್ಲಿ ಅವರ ಪಾಲು ಹೆಚ್ಚಾಗಿ ತೋರುವುದೆಂಬ ಆಕ್ಷೇಪಣೆ ಹುಟ್ಟಿ, ವೆಲಿಂಗ್ಟನ್ನನ ಅಸಮ್ಮತಿಗೂ ದೀರ್ಘವಾದ ವಿವಾದಕ್ಕೂ ಅದು ಕಾರಣವಾಯಿತು. ಬೊಂಬೆಯನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟು ನಿಲ್ಲಿಸಬೇಕು ಎಂಬುದು ಇತಿಹಾಸಕಾರನ ನಿರ್ಣಯವೇ ಸರಿ.

ಮುದ್ರಣದ ವಿಧಾನ ಈಚಿನದು. ದ್ರವರೂಪದ ರಾಳವನ್ನು ಬೆಳಕಿನಿಂದ ಪದರಪದರವಾಗಿ ಗಟ್ಟಿಗೊಳಿಸುವ ಕ್ರಮಕ್ಕೆ ಅಮೆರಿಕದ ಚಾರ್ಲ್ಸ್ ಹಲ್ ೧೯೮೬ರಲ್ಲಿ ಪೇಟೆಂಟ್ ಪಡೆದನು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾನಿಲಯದಲ್ಲಿ ೨೦೦೫ರಲ್ಲಿ ಆರಂಭವಾದ ‘ರೆಪ್‌ರ‍್ಯಾಪ್’ ಯೋಜನೆ ಹಾಗೂ ಹಳೆಯ ಪೇಟೆಂಟುಗಳ ಅವಧಿ ಮುಗಿದುದು, ಇವುಗಳಿಂದ ಅಗ್ಗದ ಯಂತ್ರಗಳು ಮನೆಮನೆಗೆ ಬಂದುವು. ಅಚ್ಚು ಕೊರೆದು ಸೀಸವನ್ನು ಎರೆಯುವವನಿಗೆ ನೂರಾರು ಗಿರಾಕಿಗಳು ಬೇಕಾಗಿತ್ತು. ಮುದ್ರಣದಲ್ಲಿ ಆ ನಿರ್ಬಂಧವಿಲ್ಲ. ಒಬ್ಬನೇ ಆಸಕ್ತನಿದ್ದರೂ ಆರ್ಬೇಡೋದ ಸೈನಿಕ ಮೂಡಿಬರಬಹುದು. ಅಧ್ಯಾಪಕರಿಗೆ ಇದು ನಿಜವಾದ ಲಾಭ.

೪

ಈಗ ಪ್ರತಿಮೆಯನ್ನು ಅಳತೆಗೋಲಿನಿಂದ ಪರೀಕ್ಷಿಸೋಣ. ಬಹುಪ್ರಚಾರದಲ್ಲಿರುವ ಗಾತ್ರದಲ್ಲಿ ಪಾದದಿಂದ ಕಣ್ಣಿನವರೆಗಿನ ಎತ್ತರ ೨೮ ಮಿಲಿಮೀಟರು. ಇದನ್ನು ಸುಮಾರು ೫೬ಕ್ಕೆ ೧ ಎಂಬ ಪ್ರಮಾಣವೆಂದು ಇಟ್ಟುಕೊಳ್ಳಬಹುದು. ೨ ಮೀಟರು ಉದ್ದದ ಹಾಲ್ಬರ್ಡು ಈ ಪ್ರಮಾಣದಲ್ಲಿ ೩೬ ಮಿಲಿಮೀಟರಾಗುತ್ತದೆ, ಇದರಲ್ಲಿ ತೊಂದರೆಯಿಲ್ಲ. ಆದರೆ ೩.೫ ಸೆಂಟಿಮೀಟರು ದಪ್ಪದ ಕಾವು ಕೇವಲ ೦.೬ ಮಿಲಿಮೀಟರಾಗಬೇಕು. ಅಲಗಿನ ದಪ್ಪ ೪ ಮಿಲಿಮೀಟರೆಂದು ಹಿಡಿದರೆ ಪ್ರತಿಮೆಯಲ್ಲಿ ಅದು ೦.೦೭ ಮಿಲಿಮೀಟರಾಗಬೇಕು. ಗಟ್ಟಿಯಾದ ರಾಳ ಪೆಡಸು. ಇಷ್ಟು ತೆಳುವಾದ ಕಡ್ಡಿ ಕೈ ಸೋಕಿದರೆ ಮುರಿಯುತ್ತದೆ. ಆದುದರಿಂದ ಶಿಲ್ಪಿ ಕಾವನ್ನು ೧ ಮಿಲಿಮೀಟರಿಗೆ ದಪ್ಪಗೊಳಿಸಿದನೆನ್ನಿ. ಇದನ್ನು ನಿಜವಾದ ಅಳತೆಗೆ ತಿರುಗಿಸಿದರೆ ೫.೬ ಸೆಂಟಿಮೀಟರು ದಪ್ಪದ ಮರ. ಅದರ ತೂಕ ನಿಜವಾದ ಕಾವಿನ ಎರಡೂವರೆ ಪಟ್ಟು. ಅಂತಹುದನ್ನು ಹಿಡಿದು ದಿನವೆಲ್ಲ ಕಾದುವುದು ಅಸಾಧ್ಯ. ಮಧ್ಯಯುಗದ ಆಯುಧಗಳು ಎತ್ತಲಾರದಷ್ಟು ಭಾರವಾಗಿದ್ದುವೆಂಬ ತಪ್ಪು ತಿಳಿವಳಿಕೆಗೆ ಇಂತಹ ಪ್ರತಿಮೆ ಪುಷ್ಟಿ ಕೊಡುತ್ತದೆ. ನಿಜವಾದ ಹಾಲ್ಬರ್ಡಿನ ತೂಕ ಸಾಮಾನ್ಯವಾಗಿ ಎರಡರಿಂದ ಮೂರು ಕಿಲೋಗ್ರಾಮ್ ಮಾತ್ರ.

ಪೈಕಿನ ವಿಷಯ ಇನ್ನೂ ಗಹನವಾದುದು. ೫.೪ ಮೀಟರಿನ ಪೈಕು ಪ್ರತಿಮೆಯಲ್ಲಿ ೯೬ ಮಿಲಿಮೀಟರು, ಎಂದರೆ ಹಿಡಿದವನ ಎತ್ತರದ ಮೂರು ಪಟ್ಟಿಗೂ ಹೆಚ್ಚು. ಮುದ್ರಿಸಿದರೆ ಬಾಗುತ್ತದೆ, ಇಲ್ಲವೆ ಮುರಿಯುತ್ತದೆ. ಶ್ರದ್ಧಾವಂತರು ಅದರ ಬದಲು ಉಕ್ಕಿನ ತಂತಿಯನ್ನು ಕೂಡಿಸುತ್ತಾರೆ. ಅನೇಕ ಕಡೆ ಶಿಲ್ಪಿಯೇ ಪೈಕನ್ನು ಮೋಟುಮಾಡಿರುತ್ತಾನೆ. ಇದು ಅಲ್ಪದೋಷವೆಂದು ತೋರಬಹುದು. ಆದರೆ ಲೆಕ್ಕ ಹಾಕಿ ನೋಡಿ. ಸೈನಿಕನು ತನ್ನ ಹಿಡಿತಕ್ಕೆ ಒಂದೂವರೆ ಮೀಟರಿನಷ್ಟು ಕಾವನ್ನು ಬಿಟ್ಟುಕೊಂಡರೆ ಮುಂದಕ್ಕೆ ಚಾಚುವುದು ಸುಮಾರು ೪ ಮೀಟರು. ಸಾಲಿನಿಂದ ಸಾಲಿಗೆ ೯೦ ಸೆಂಟಿಮೀಟರು ಅಂತರವಿದ್ದರೆ ಎರಡನೆಯ, ಮೂರನೆಯ, ನಾಲ್ಕನೆಯ ಸಾಲುಗಳ ಮೊನೆಗಳೂ ಮೊದಲ ಸಾಲಿನಿಂದ ಮುಂದಕ್ಕೆ ಬರುತ್ತವೆ. ಎದುರು ಬರುವ ಒಬ್ಬ ಶತ್ರು ನಾಲ್ಕು ಮೊನೆಗಳನ್ನು ದಾಟಬೇಕು. ಪೈಕನ್ನು ೩.೬ ಮೀಟರಿಗೆ ಇಳಿಸಿದರೆ ಉಪಯೋಗಕ್ಕೆ ಬರುವ ಮೊನೆಗಳು ಎರಡೇ. ಮೂರನೆಯವನೂ ನಾಲ್ಕನೆಯವನೂ ಆಗ ಬರಿಯ ನೋಟಕರು. ಮುಂದಿನವನ ಪ್ರಾಣವನ್ನು ಹಿಂದಿನ ಮೂವರು ಕಾಯುತ್ತಿದ್ದರೆಂಬ ಸಂಗತಿಯೇ, ಎಂದರೆ ಸ್ವಿಸ್ ವ್ಯೂಹದ ಪ್ರಾಣವೇ, ಪ್ರತಿಮೆಯಿಂದ ಮಾಯವಾಗುತ್ತದೆ.

ಮೂರನೆಯದು ಪೀಠದ ಅಳತೆ. ಪ್ರತಿಮೆ ಬೀಳದಂತೆ ಅದಕ್ಕೆ ೨೫ ಮಿಲಿಮೀಟರು ಅಗಲದ ಪೀಠವನ್ನು ಕೊಡುವುದು ವಾಡಿಕೆ. ಇದು ನೆಲದ ಮೇಲೆ ೧.೪ ಮೀಟರಿಗೆ ಸಮ. ಭುಜಕ್ಕೆ ಭುಜ ಸೇರಿಸಿ ನಿಂತ ಪದಾತಿಗೆ ಮುಕ್ಕಾಲು ಮೀಟರು ಸಾಕು. ಹತ್ತು ಜನ ಏಳೂವರೆ ಮೀಟರಿನಲ್ಲಿ ನಿಲ್ಲಬೇಕಾದ ಕಡೆ ಪ್ರತಿಮೆಗಳು ಹದಿನಾಲ್ಕು ಮೀಟರನ್ನು ಆಕ್ರಮಿಸುತ್ತವೆ. ಗೋಡೆಯಾಗಿದ್ದುದು ಬೇಲಿಯಾಗುತ್ತದೆ. ಮುರ್ಟೆನ್ನಿನಲ್ಲಿ ಒಕ್ಕೂಟದವರೂ ಅವರ ಮಿತ್ರರೂ ಸೇರಿ ೨೦,೦೦೦ಕ್ಕೂ ಹೆಚ್ಚು ಜನರಿದ್ದರು. ಮೇಜಿನ ಮೇಲೆ ಅರವತ್ತು ಪ್ರತಿಮೆಗಳನ್ನಿಟ್ಟರೆ ಒಂದೊಂದೂ ಮುನ್ನೂರಕ್ಕೂ ಹೆಚ್ಚು ಜನರ ಪ್ರತಿನಿಧಿ.

ಇದಕ್ಕೆ ಪರಿಹಾರವಾಗಿ ಕೆಲವರು ೬ ಮಿಲಿಮೀಟರಿನ ಪ್ರತಿಮೆಗಳನ್ನು ಬಳಸುತ್ತಾರೆ. ಆಗ ನೂರಾರು ಜನರನ್ನು ಒತ್ತಾಗಿ ನಿಲ್ಲಿಸಬಹುದು. ವ್ಯೂಹದ ಆಕಾರ ಕಣ್ಣಿಗೆ ಕಟ್ಟುತ್ತದೆ. ಆದರೆ ಆ ಗಾತ್ರದಲ್ಲಿ ಹಾಲ್ಬರ್ಡಿಗೂ ಬಿಲ್ಲಿಗೂ ವ್ಯತ್ಯಾಸ ತಿಳಿಯದು. ದೊಡ್ಡದು ಆಯುಧವನ್ನು ತೋರಿಸಿ ಸಾಲನ್ನು ಮರೆಸುತ್ತದೆ. ಚಿಕ್ಕದು ಸಾಲನ್ನು ತೋರಿಸಿ ಆಯುಧವನ್ನು ಮರೆಸುತ್ತದೆ. ತರಗತಿಯಲ್ಲಿ ಎರಡನ್ನೂ ಒಟ್ಟಿಗೆ ಇಟ್ಟು ತೋರಿಸುವುದು ಉಚಿತ.

೫

ಅಳತೆಯ ಬಳಿಕ ಆಕರದ ಪ್ರಶ್ನೆ. ಶಿಲ್ಪಿಯು ತನ್ನ ಆಕೃತಿಗೆ ಆಧಾರವನ್ನು ಎಲ್ಲಿಂದ ಪಡೆಯುತ್ತಾನೆ? ಹಾಲ್ಬರ್ಡಿನ ಮಟ್ಟಿಗೆ ವಸ್ತುಸಂಗ್ರಹಾಲಯಗಳಲ್ಲಿ ಉಳಿದುಬಂದವುಗಳಲ್ಲಿ ಹದಿನಾರು ಹದಿನೇಳನೆಯ ಶತಮಾನಗಳವೇ ಹೆಚ್ಚು. ಅವುಗಳ ಮೊನೆ ನೀಳ, ಅಲಗು ಒಳಬಾಗಿದ ಅರ್ಧಚಂದ್ರಾಕಾರ. ರಂಧ್ರಗಳ ಅಲಂಕಾರವೂ ಉಂಟು. ಮೋರ್ಗಾರ್ಟನ್ ಕಾಲದ ಹಾಲ್ಬರ್ಡಾದರೋ ಎರಡು ಬಳೆಗಳಿಂದ ಕಾವಿಗೆ ಸಿಕ್ಕಿಸಿದ ಒರಟಾದ ಅಗಲವಾದ ಅಲಗು. ಸುಂದರವಾದುದು ಬೇಗ ಕಣ್ಣಿಗೆ ಬೀಳುವುದರಿಂದ ಹದಿನಾಲ್ಕನೆಯ ಶತಮಾನದ ಸೈನಿಕನ ಕೈಗೆ ಅರಮನೆಯ ಕಾವಲುಗಾರನ ಆಯುಧ ಬಂದುಬಿಡುವ ಸಂಭವವುಂಟು. ಸೀಳು ಸೀಳಾಗಿ ಕತ್ತರಿಸಿ ಒಳಬಟ್ಟೆಯನ್ನು ಉಬ್ಬಿಸಿದ ಉಡುಪು ಹದಿನಾರನೆಯ ಶತಮಾನದ ಬಾಡಿಗೆಯ ಸೈನಿಕರದು. ಅದನ್ನು ೧೪೭೬ರ ಸೈನಿಕನಿಗೆ ತೊಡಿಸುವುದೂ ಇದೇ ಬಗೆಯ ಕಾಲವ್ಯತ್ಯಾಸ.

ಇದಕ್ಕಿಂತ ಉತ್ತಮವಾದ ಆಕರ ಸಚಿತ್ರ ವೃತ್ತಾಂತಗಳು. ಬರ್ನ್ ಪಟ್ಟಣದ ಡೀಬೋಲ್ಡ್ ಶಿಲ್ಲಿಂಗನು ಬರ್ಗಂಡಿಯ ಯುದ್ಧಗಳ ಕಾಲದಲ್ಲಿ ಬದುಕಿದ್ದು, ಪಟ್ಟಣಸಭೆಗಾಗಿ ೧೪೮೩ರಲ್ಲಿ ಸಚಿತ್ರವಾದ ವೃತ್ತಾಂತವನ್ನು ಪೂರ್ಣಗೊಳಿಸಿದನು. ಅದೇ ಹೆಸರಿನ ಅವನ ಸಹೋದರನ ಮಗನು ೧೫೧೩ರಲ್ಲಿ ಲುಸರ್ನಿನ ವೃತ್ತಾಂತವನ್ನು ರಚಿಸಿದನು. ಈ ಚಿತ್ರಗಳಲ್ಲಿ ಸೈನಿಕರ ಉಡುಪಿನ ಮೇಲೆ ಬಿಳಿಯ ಶಿಲುಬೆಯ ಗುರುತುಂಟು; ಉಳಿದಂತೆ ಉಡುಪು, ಕವಚ, ಟೊಪ್ಪಿಗೆಗಳು ಬೇರೆ ಬೇರೆ. ಕರೆ ಬಂದಾಗ ತಮ್ಮ ತಮ್ಮ ಆಯುಧಗಳನ್ನು ಹೊತ್ತು ಹೊರಟ ಜನಕ್ಕೆ ಅದು ಸಹಜವೇ. ಹಾಗೆಂದು ಈ ಚಿತ್ರಗಳೂ ಪೂರ್ಣಪ್ರಮಾಣವಲ್ಲ. ಹಿಂದಿನ ಶತಮಾನದ ಯುದ್ಧವನ್ನು ಬರೆಯುವಾಗಲೂ ಚಿತ್ರಕಾರನು ತನ್ನ ಕಾಲದ ಉಡುಪನ್ನೇ ತೊಡಿಸಿದ್ದಾನೆ; ಗೆದ್ದ ಪಟ್ಟಣದ ಹಣದಿಂದ ಗೆದ್ದವರ ಕೀರ್ತಿಗಾಗಿ ಬರೆದಿದ್ದಾನೆ. ಸೆಂಪಾಖಿನಲ್ಲಿ ಶತ್ರುಗಳ ಭರ್ಜಿಗಳನ್ನು ತನ್ನ ಎದೆಗೆ ಬಾಚಿಕೊಂಡು ದಾರಿ ಮಾಡಿಕೊಟ್ಟನೆಂಬ ವಿಂಕೆಲ್‌ರೀಡನ ಕಥೆಯೂ ಯುದ್ಧವಾದ ಬಹುಕಾಲದ ಮೇಲೆ ಕಾಣಿಸಿಕೊಂಡುದು. ಮುದ್ರಿತ ಪ್ರತಿಮೆ ಇಂತಹ ಚಿತ್ರದ ಪ್ರತಿಯ ಪ್ರತಿ. ಅದರಲ್ಲಿ ಇನ್ನೊಂದು ವಿರೋಧಾಭಾಸವುಂಟು: ಯಂತ್ರ ಒಬ್ಬನನ್ನೇ ನೂರು ಸಲ ಮೂಡಿಸುತ್ತದೆ, ಇತಿಹಾಸದಲ್ಲಾದರೋ ನೂರು ಬಗೆಯ ಜನ ಒಂದಾಗಿ ನಿಂತದ್ದೇ ವಿಶೇಷ.

೬

ಕಡೆಯದಾಗಿ, ಪ್ರತಿಮೆ ಹೇಳದೆ ಬಿಡುವ ಒಂದು ಸಂಗತಿಯನ್ನು ನೆನೆಯಬೇಕು. ಗ್ರಾಂಸೋಂ ಕೋಟೆಯಲ್ಲಿ ಶರಣಾದ ಸುಮಾರು ೪೦೦ ಮಂದಿ ಸ್ವಿಸ್ ಕಾವಲುಗಾರರನ್ನು ಚಾರ್ಲ್ಸನು ನೇಣಿಗೆ ಹಾಕಿಸಿಯೂ ನೀರಿನಲ್ಲಿ ಮುಳುಗಿಸಿಯೂ ಕೊಲ್ಲಿಸಿದನು. ನಾಲ್ಕು ತಿಂಗಳೊಳಗೆ ಮುರ್ಟೆನ್ ಸರೋವರದ ದಂಡೆಯಲ್ಲಿ ಸ್ವಿಸ್ಸರು ಯಾರಿಗೂ ಪ್ರಾಣಭಿಕ್ಷೆ ಕೊಡಲಿಲ್ಲ. ಸಾವಿರಾರು ಜನ ಕಡಿತಕ್ಕೂ ನೀರಿಗೂ ಬಲಿಯಾದರು. ಅವರ ಎಲುಬುಗಳನ್ನು ಕೂಡಿಟ್ಟು ಕಟ್ಟಿದ ಅಸ್ಥಿಗೃಹವು ೧೭೯೮ರಲ್ಲಿ ಫ್ರೆಂಚ್ ಪಡೆಗಳು ಕೆಡಹುವವರೆಗೂ ಅಲ್ಲಿ ನಿಂತಿತ್ತು. ನಾನ್ಸಿಯಲ್ಲಿ ಚಾರ್ಲ್ಸನ ಶವ ಸಿಕ್ಕಿದುದು ಯುದ್ಧವಾದ ಎರಡು ದಿನಗಳ ಮೇಲೆ, ಹೆಪ್ಪುಗಟ್ಟಿದ ನೀರಿನಲ್ಲಿ. ತಲೆ ಸೀಳಿಹೋಗಿತ್ತು, ಹಳೆಯ ಗಾಯಗಳ ಗುರುತುಗಳಿಂದ ಅವನನ್ನು ಪತ್ತೆಹಚ್ಚಬೇಕಾಯಿತು. ೧೪೮೫ರಲ್ಲಿ ಬಾಸ್ವರ್ತ್ ಯುದ್ಧದಲ್ಲಿ ಮಡಿದ ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡನ ಅಸ್ಥಿಪಂಜರ ೨೦೧೨ರಲ್ಲಿ ಲೆಸ್ಟರ್ ಪಟ್ಟಣದಲ್ಲಿ ದೊರೆಯಿತು. ಅದನ್ನು ಪರೀಕ್ಷಿಸಿದ ವಿದ್ವಾಂಸರು ೨೦೧೪ರಲ್ಲಿ ಪ್ರಕಟಿಸಿದ ವರದಿಯಂತೆ ಅದರ ಮೇಲೆ ಮರಣಕಾಲದ ಹನ್ನೊಂದು ಗಾಯಗಳಿದ್ದುವು. ಅವುಗಳಲ್ಲಿ ಒಂಬತ್ತು ತಲೆಬುರುಡೆಯವು. ಬುರುಡೆಯ ಹಿಂಬದಿಯ ಬುಡದಲ್ಲಿದ್ದ ದೊಡ್ಡ ಗಾಯ ಕತ್ತಿಯಿಂದಾಗಲಿ ಹಾಲ್ಬರ್ಡಿನಂತಹ ಉದ್ದಕಾವಿನ ಆಯುಧದಿಂದಾಗಲಿ ಆಗಿರಬಹುದೆಂಬುದು ಅವರ ಅಭಿಪ್ರಾಯ. ಉದ್ದಕಾವಿನ ಆಯುಧದ ವಿಷಯದಲ್ಲಿ ಅತ್ಯಂತ ನೇರವಾದ ಸಾಕ್ಷ್ಯ ಎಲುಬೇ.

ಸಾಲಿನ ಯುಗವೂ ಶಾಶ್ವತವಾಗಿರಲಿಲ್ಲ. ೧೫೨೨ರಲ್ಲಿ ಬಿಕೊಕ್ಕಾ ಎಂಬಲ್ಲಿ ತಗ್ಗುದಾರಿಯ ಹಿಂದಿನ ದಿಬ್ಬದಿಂದ ಸಿಡಿದ ಕೋವಿಗಳು ಸ್ವಿಸ್ ಪೈಕಿನ ವ್ಯೂಹವನ್ನು ಕೆಡಹಿದುವು. ಅಷ್ಟು ಹೊತ್ತಿಗೆ ನೆರೆಹೊರೆಯ ಕಟ್ಟು ಬಹುಪಾಲು ಸಂಬಳದ ಕಟ್ಟಾಗಿತ್ತು. ಹಾಲ್ಬರ್ಡು ಇಂದು ೧೫೦೬ರಲ್ಲಿ ಸ್ಥಾಪಿತವಾದ ಪೋಪರ ಸ್ವಿಸ್ ಕಾವಲುಪಡೆಯಲ್ಲಿ ಗೌರವದ ಲಾಂಛನವಾಗಿ ಉಳಿದಿದೆ.

ಮೇಲಿನ ವಿವೇಚನೆಯಿಂದ ಮುದ್ರಿತ ಪ್ರತಿಮೆ ತ್ಯಾಜ್ಯವೆಂದು ಹೇಳಿದಂತಾಗುವುದಿಲ್ಲ. ಅದರ ದೋಷಗಳು ಅಳೆಯಬಹುದಾದ ದೋಷಗಳು. ಅಳೆಯುವಾಗಲೇ ಪಾಠವೂ ದೊರೆಯುತ್ತದೆ. ವಿದ್ಯಾರ್ಥಿಯ ಕೈಗೆ ಒಂದು ಪ್ರತಿಮೆಯನ್ನೂ ಒಂದು ಅಳತೆಪಟ್ಟಿಯನ್ನೂ ಕೊಟ್ಟು, ಈ ಕಾವು ಎಷ್ಟು ದಪ್ಪ, ಈ ಅಲಗು ಯಾವ ಶತಮಾನದ್ದು, ಇವನ ಹಿಂದೆ ಎಷ್ಟು ಜನ ನಿಂತಿರಬೇಕು ಎಂದು ಕೇಳಿದರೆ, ಕಡೆಯ ಪ್ರಶ್ನೆಗೆ ಅವನು ಪ್ರತಿಮೆಯನ್ನು ಕೆಳಗಿಟ್ಟು ಗ್ರಂಥವನ್ನು ತೆರೆಯಬೇಕಾಗುತ್ತದೆ. ಅಷ್ಟಾದರೆ ಆ ಬೊಂಬೆ ತನ್ನ ಕೆಲಸವನ್ನು ಮಾಡಿದಂತೆಯೇ ಸರಿ.